ನೂಕಿದ್ದನ್ನು ಹೊರುವುದು ಯಾವುದು?

ಥ್ರಸ್ಟ್ ಎಂಬ ಇಂಗ್ಲಿಷ್ ಮಾತು ನಮ್ಮ ಪತ್ರಿಕೆಗಳಲ್ಲಿ ನಾನಾ ವೇಷದಲ್ಲಿ ಬರುತ್ತದೆ. ಶ್ರೀಹರಿಕೋಟಾದಿಂದ ರಾಕೆಟ್ ಹಾರಿದ ದಿನ ಕಿಲೋನ್ಯೂಟನ್ ಲೆಕ್ಕದಲ್ಲಿ ಬರುತ್ತದೆ. ನೇಪಾಳದಲ್ಲಿ ನೆಲ ನಡುಗಿದರೆ ಭೂವಿಜ್ಞಾನಿಗಳ ಹೇಳಿಕೆಯಲ್ಲಿ ಬರುತ್ತದೆ. ಹಳೆಯ ಗುಮ್ಮಟದಲ್ಲಿ ಬಿರುಕು ಕಂಡರೆ ಎಂಜಿನಿಯರುಗಳು ಮೊದಲು ಆಡುವ ಮಾತು ಅದೇ. ಗಂಟಲಿಗೆ ತುತ್ತು ಸಿಕ್ಕಿಕೊಂಡವರನ್ನು ಉಳಿಸುವ ಪ್ರಥಮ ಚಿಕಿತ್ಸೆಯ ಹೆಸರಲ್ಲೂ ಅದಿದೆ. ದೆಹಲಿಯ ಕಡತಗಳಲ್ಲಂತೂ ‘ಥ್ರಸ್ಟ್ ಏರಿಯಾ’ ಎಂದರೆ ಈ ಸಲ ಹಣ ಯಾವ ಕಡೆಗೆ ಹರಿಯಲಿದೆ ಎಂಬುದರ ಸುಳಿವು. ಕನ್ನಡದಲ್ಲಿ ನಾವು ಸಂದರ್ಭ ನೋಡಿಕೊಂಡು ನೂಕುಬಲ, ತಿವಿತ, ಒತ್ತು ಎಂದು ಬೇರೆ ಬೇರೆ ಮಾತು ಬಳಸುತ್ತೇವೆ. ಅದರಿಂದ ಓದು ಸಲೀಸಾಗುತ್ತದೆ, ಆದರೆ ಇವೆಲ್ಲ ಒಂದೇ ಮನೆತನದವು ಎಂಬುದು ಮರೆತುಹೋಗುತ್ತದೆ. ಹಾಗಾಗಿ ಈ ಮನೆತನವನ್ನು ಒಮ್ಮೆ ಸುತ್ತಿ ಬರುವುದು ಒಳ್ಳೆಯದು.

ಶಾಲೆಯಲ್ಲಿ ಇದರ ಪರಿಚಯವಾಗುವುದೇ ಗೊಂದಲದಿಂದ. ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕ ಬಹುಕಾಲ ಹೇಳಿಕೊಟ್ಟದ್ದು ಹೀಗೆ: ಒಂದು ಮೇಲ್ಮೈಗೆ ಲಂಬವಾಗಿ ಬೀಳುವ ಬಲ ಥ್ರಸ್ಟ್, ಅದನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಒತ್ತಡ. ಸಡಿಲ ಮರಳಿನ ಮೇಲೆ ನಿಂತರೆ ಪಾದ ಹೂತುಕೊಳ್ಳುತ್ತದೆ, ಮಲಗಿದರೆ ಮೈ ಅಷ್ಟು ಹೂಳುವುದಿಲ್ಲ. ನೂಕು ಎರಡರಲ್ಲೂ ಒಂದೇ, ಹಂಚಿಕೆ ಮಾತ್ರ ಬೇರೆ. ನೀರಿನಲ್ಲಿ ಮುಳುಗಿಸಿದ ಬಿರಡೆಯನ್ನು ಮೇಲಕ್ಕೆತ್ತುವ ಬಲಕ್ಕೆ ಅಪ್‌ಥ್ರಸ್ಟ್ ಎಂದು ಹೆಸರು. ಇಷ್ಟು ಕಲಿತ ವಿದ್ಯಾರ್ಥಿ ಪಿಯುಸಿಗೆ ಬಂದಾಗ ಮಾತು ಬದಲಾಗಿರುತ್ತದೆ. ರಾಕೆಟ್ಟಿನ ಥ್ರಸ್ಟ್ ಎಂದರೆ ಪ್ರತಿ ಸೆಕೆಂಡಿಗೆ ಹೊರಬೀಳುವ ಅನಿಲದ ರಾಶಿಯನ್ನು ಅದರ ವೇಗದಿಂದ ಗುಣಿಸಿದ್ದು ಎನ್ನುತ್ತಾರೆ. ಮರಳಿನ ಮೇಲೆ ನಿಂತವನಿಗೂ ರಾಕೆಟ್ಟಿಗೂ ಏನು ನಂಟು ಎಂದು ಕೇಳಿದರೆ ತರಗತಿಯಲ್ಲಿ ಉತ್ತರ ಸಿಗುವುದು ಅಪರೂಪ.

ನಂಟು ಸರಳವಾಗಿದೆ. ರಾಕೆಟ್ಟಿನ ದಹನಕೋಣೆಯಲ್ಲಿ ಬಿಸಿ ಅನಿಲ ಎಲ್ಲ ಗೋಡೆಗಳನ್ನೂ ಒತ್ತುತ್ತದೆ. ಪಕ್ಕದ ಗೋಡೆಗಳ ಮೇಲಿನ ಒತ್ತು ಒಂದಕ್ಕೊಂದು ವಜಾ ಆಗುತ್ತದೆ. ಹಿಂದಿನ ಗೋಡೆಯಲ್ಲಿ ಮಾತ್ರ ತೂತಿದೆ. ಅಲ್ಲಿ ಒತ್ತಿಸಿಕೊಳ್ಳಲು ಗೋಡೆಯೇ ಇಲ್ಲದ ಕಾರಣ ಮುಂದಿನ ಗೋಡೆಯ ಮೇಲೆ ಬಿದ್ದ ಒತ್ತಿಗೆ ಎದುರಾಳಿ ಇಲ್ಲ. ಹಾಗೆ ಮಿಕ್ಕ ಬಲವೇ ರಾಕೆಟ್ಟನ್ನು ಮುಂದಕ್ಕೆ ನೂಕುತ್ತದೆ. ಒಂಬತ್ತನೇ ತರಗತಿಯ ವ್ಯಾಖ್ಯೆ ಇಲ್ಲಿಗೂ ಸಲ್ಲುತ್ತದೆ. ಗೋಡೆ ಯಾವುದು ಎಂದು ತೋರಿಸಿಕೊಡಬೇಕು, ಅಷ್ಟೆ.

ಗೋಡೆ ಯಾವುದು ಎಂಬ ಈ ಪ್ರಶ್ನೆಯನ್ನು ಹಿಡಿದುಕೊಂಡರೆ ಉಳಿದ ಅರ್ಥಗಳೂ ಬಿಡಿಸಿಕೊಳ್ಳುತ್ತವೆ. ನೂಕನ್ನು ಹುಟ್ಟಿಸುವುದು ಸಾಮಾನ್ಯವಾಗಿ ಸುಲಭ. ಮದ್ದಿಗೆ ಬೆಂಕಿ ತಾಗಿಸಿದರೆ ನೂಕುತ್ತದೆ, ಕಲ್ಲನ್ನು ಕಮಾನಾಗಿ ಜೋಡಿಸಿದರೆ ನೂಕುತ್ತದೆ, ಖಂಡಗಳಂತೂ ಯಾರೂ ಹೇಳದೆಯೇ ನೂಕುತ್ತವೆ. ಆ ನೂಕನ್ನು ಹೊತ್ತುಕೊಂಡು ಮುರಿಯದೆ ನಿಲ್ಲುವ ವಸ್ತುವನ್ನು ಹುಡುಕುವುದರಲ್ಲೇ ಮನುಷ್ಯನ ಬುದ್ಧಿಯೆಲ್ಲ ಖರ್ಚಾಗಿದೆ. ಈ ಮಾತಿನ ಬಗ್ಗೆ ಬರೆದವರು ಹೆಚ್ಚಾಗಿ ನೂಕುವವರ ಕಡೆ ನಿಂತು ಬರೆದಿದ್ದಾರೆ. ಹೊರುವವರ ಕಡೆ ನಿಂತು ನೋಡಿದರೆ ಚಿತ್ರವೇ ಬೇರೆ.

ಹಳೆಯ ಅರ್ಥ ಕತ್ತಿಯದು. ಕಡಿಯುವುದು ಮೇಲೋ ತಿವಿಯುವುದು ಮೇಲೋ ಎಂಬ ವಾದ ರೋಮನ್ನರ ಕಾಲದಿಂದಲೂ ಇದೆ. ಯುದ್ಧವಿದ್ಯೆಯ ಬಗ್ಗೆ ಬರೆದ ವೆಜಿಟಿಯಸ್ ತಿವಿಯುವುದರ ಪರ. ಕಡಿತವನ್ನು ಕವಚವೂ ಎಲುಬೂ ತಡೆಯುತ್ತವೆ, ತಿವಿತ ಸ್ವಲ್ಪವೇ ಆಳಕ್ಕೆ ಇಳಿದರೂ ಸಾಕು ಎಂಬುದು ಅವನ ತರ್ಕ. ಇಂಗ್ಲೆಂಡಿನ ಜಾರ್ಜ್ ಸಿಲ್ವರ್ 1599ರಲ್ಲಿ ಪುಸ್ತಕವನ್ನೇ ಬರೆದು ಇಟಲಿಯಿಂದ ಬಂದ ತಿವಿಯುವ ಕತ್ತಿಯನ್ನು ಹಿಗ್ಗಾಮುಗ್ಗ ಜರೆದ. ಬ್ರಿಟಿಷ್ ಸೈನ್ಯ ಕೊನೆಗೆ ತಿವಿತವೇ ಸರಿ ಎಂದು ತೀರ್ಮಾನಿಸಿ ಅಶ್ವದಳಕ್ಕೆಂದು ತಿವಿಯಲೆಂದೇ ರೂಪಿಸಿದ ಕತ್ತಿಯನ್ನು ತಂದದ್ದು 1908ರಲ್ಲಿ. ಮೆಷಿನ್ ಗನ್ನು ಕುದುರೆಸವಾರರ ಕಾಲವನ್ನೇ ಮುಗಿಸುವ ಹೊತ್ತಿಗೆ ಸರಿಯಾದ ಕತ್ತಿ ಕೈಗೆ ಬಂತು.

ನಮ್ಮ ಕಡೆ ಈ ಪ್ರಶ್ನೆಗೆ ಇನ್ನೂ ಜಾಣ ಉತ್ತರ ಸಿಕ್ಕಿತ್ತು. ಕಠಾರಿಯ ಹಿಡಿ ಬೇರೆ ಬಾಕುಗಳ ಹಿಡಿಯಂತಿಲ್ಲ. ಎರಡು ಸಮಾನಾಂತರ ಸಲಾಕೆಗಳ ನಡುವೆ ಅಡ್ಡಪಟ್ಟಿ. ಅದನ್ನು ಮುಷ್ಟಿಯಲ್ಲಿ ಹಿಡಿದರೆ ಅಲಗು ಮುಂಗೈಯ ನೇರಕ್ಕೆ ಬರುತ್ತದೆ. ಮಾಮೂಲಿ ಬಾಕಿನಿಂದ ತಿವಿದಾಗ ಎದುರುನೂಕು ಮಣಿಕಟ್ಟಿಗೆ ಬಡಿದು ಕೈ ಹೊರಳುತ್ತದೆ. ಕಠಾರಿಯಲ್ಲಿ ಅದು ಮುಂಗೈ, ಮೊಣಕೈ ದಾಟಿ ಭುಜಕ್ಕೆ ಹೋಗಿ ನಿಲ್ಲುತ್ತದೆ. ದಕ್ಷಿಣದ ಕಮ್ಮಾರರು ಹೊರುವ ಭಾಗವನ್ನೇ ಬದಲಿಸಿದರು. ವಿಜಯನಗರದ ಸಾಳುವ ದೊರೆಗಳು ‘ಕಠಾರಿ ಸಾಳುವ’ ಎಂಬ ಬಿರುದನ್ನು ಹೆಮ್ಮೆಯಿಂದ ಧರಿಸಿದ್ದರಲ್ಲಿ ಅಚ್ಚರಿಯಿಲ್ಲ.

ಕಟ್ಟಡಗಳಿಗೆ ಬಂದರೆ ವಿಷಯ ದೊಡ್ಡದಾಗುತ್ತದೆ. ನಮ್ಮ ದೇವಾಲಯಗಳ ರಚನೆಯಲ್ಲಿ ಪಕ್ಕಕ್ಕೆ ನೂಕುವ ಬಲದ ಕಾಟ ತೀರ ಕಡಿಮೆ. ಕಂಬ, ಬೋದಿಗೆ, ತೊಲೆ, ಅದರ ಮೇಲೆ ಚಪ್ಪಡಿ. ಭಾರವೆಲ್ಲ ನೇರ ಕೆಳಗಿಳಿಯುತ್ತದೆ. ಬೇಲೂರು, ಹಳೇಬೀಡುಗಳಲ್ಲಿ ತಲೆಯೆತ್ತಿ ನೋಡುವ ಭುವನೇಶ್ವರಿ ಗುಮ್ಮಟದಂತೆ ಕಂಡರೂ ಗುಮ್ಮಟವಲ್ಲ. ಸುತ್ತುಸುತ್ತಾಗಿ ಕಲ್ಲುಗಳನ್ನು ಸ್ವಲ್ಪಸ್ವಲ್ಪವೇ ಒಳಚಾಚಿ ಇಟ್ಟದ್ದು ಅದು. ಈ ಪದ್ಧತಿಯ ಬೆಲೆ ಏನೆಂದರೆ ಕಂಬಗಳ ಕಾಡು. ಕಲ್ಲಿನ ತೊಲೆಯ ಅಡಿಭಾಗ ಎಳೆತಕ್ಕೆ ಸಿಕ್ಕುತ್ತದೆ, ಕಲ್ಲು ಎಳೆತವನ್ನು ತಾಳದು; ಹಾಗಾಗಿ ಎರಡು ಕಂಬಗಳ ನಡುವಣ ಅಂತರ ಬೆಳೆಯುವಂತಿಲ್ಲ.

ಕಮಾನು ಈ ಮಿತಿಯನ್ನು ಮುರಿಯಿತು. ಕಮಾನಿನ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ, ಎಳೆತದ ಮಾತೇ ಇಲ್ಲ. ಆದರೆ ಕೆಳಮುಖದ ಭಾರದಲ್ಲಿ ಒಂದು ಪಾಲು ಅಡ್ಡನೂಕಾಗಿ ಕಾಲುಗಳನ್ನು ಹೊರಕ್ಕೆ ಸರಿಸಲು ನೋಡುತ್ತದೆ. ಕಮಾನು ಚಪ್ಪಟೆಯಾದಷ್ಟೂ ಈ ಅಡ್ಡನೂಕು ಜಾಸ್ತಿ. ಕಾನ್‌ಸ್ಟಾಂಟಿನೋಪಲ್‌ನ ಹಗಿಯಾ ಸೋಫಿಯಾದಲ್ಲಿ ಇದರ ಪಾಠ ದುಬಾರಿಯಾಯಿತು. 537ರಲ್ಲಿ ಮುಗಿದ ಅದರ ಮೊದಲ ಗುಮ್ಮಟ ಬಹಳ ಚಪ್ಪಟೆಯಾಗಿತ್ತು. ಭೂಕಂಪಗಳಿಂದ ಸಡಿಲಗೊಂಡು 558ರಲ್ಲಿ ಕುಸಿಯಿತು. 562ರ ಹೊತ್ತಿಗೆ ಎದ್ದ ಎರಡನೆಯ ಗುಮ್ಮಟವನ್ನು ಆರೇಳು ಮೀಟರ್ ಎತ್ತರಿಸಿ ಕಟ್ಟಿದರು. ಎತ್ತರ ಹೆಚ್ಚಿಸಿದ್ದು ಚೆಂದಕ್ಕಲ್ಲ, ಪಕ್ಕದ ಗೋಡೆಗಳ ಮೇಲಿನ ನೂಕು ಇಳಿಸಲು. ಫ್ರಾನ್ಸಿನ ಗಾಥಿಕ್ ಚರ್ಚುಗಳು ಇನ್ನೊಂದು ಹಾದಿ ಹಿಡಿದವು. ಗೋಡೆಯನ್ನು ತೆಳುವಾಗಿಸಿ ಗಾಜಿಗೆ ಬಿಟ್ಟುಕೊಟ್ಟು, ನೂಕನ್ನು ಹೊರಗಿನ ಆನಿಕೆ ಕಮಾನುಗಳಿಗೆ ದಾಟಿಸಿದವು. ಎತ್ತರದ ಪೈಪೋಟಿಗೆ ಬಿದ್ದ ಬೊವೆ ಪಟ್ಟಣದ ಚರ್ಚಿನ ಚಾವಣಿ ಮಾತ್ರ 1284ರಲ್ಲಿ ಬಿದ್ದೇ ಹೋಯಿತು.

ರೋಮಿನ ಸಂತ ಪೀಟರನ ಗುಮ್ಮಟದ ಕತೆ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ನೂಕನ್ನು ಕಣ್ಣಂದಾಜು ಬಿಟ್ಟು ಲೆಕ್ಕದಿಂದ ಹಿಡಿದದ್ದು ಅಲ್ಲಿ. 1590ರಲ್ಲಿ ಮುಗಿದ ಗುಮ್ಮಟ ಹದಿನೆಂಟನೆಯ ಶತಮಾನದ ಹೊತ್ತಿಗೆ ಬುಡದಿಂದ ಮೇಲಕ್ಕೆ ಸೀಳಿಕೊಂಡಿತ್ತು. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಗಣಿತಜ್ಞರನ್ನು ಕರೆಸಿದ. ಪಡುವಾದ ಜೊವಾನಿ ಪೊಲೇನಿ ಗುಮ್ಮಟದ ಒಂದು ಹೋಳಿನ ತೂಕವನ್ನು ಭಾಗ ಮಾಡಿ, ಆಯಾ ಭಾಗದ ಪ್ರಮಾಣಕ್ಕೆ ತಕ್ಕ ಗುಂಡುಗಳನ್ನು ದಾರಕ್ಕೆ ಪೋಣಿಸಿ ನೇತುಹಾಕಿದ. ತೂಗುವ ಆ ದಾರದ ಬಾಗನ್ನು ತಲೆಕೆಳಗು ಮಾಡಿದರೆ ಬರುವ ಗೆರೆ ಕಲ್ಲಿನ ದಪ್ಪದೊಳಗೇ ಇತ್ತು. ಅಂದರೆ ಗುಮ್ಮಟ ಬೀಳುವುದಿಲ್ಲ, ಆದರೆ ಹಿಗ್ಗುತ್ತಿದೆ. ಕಬ್ಬಿಣದ ಬಳೆಗಳನ್ನು ತೊಡಿಸಿ ಎಂದ, ತೊಡಿಸಿದರು. 1748ರಲ್ಲಿ ಅಚ್ಚಾದ ಅವನ ವರದಿ ಇಂದಿಗೂ ಎಂಜಿನಿಯರಿಂಗ್ ತರಗತಿಗಳಲ್ಲಿ ಉಲ್ಲೇಖವಾಗುತ್ತದೆ.

ಇದಕ್ಕೆ ಸುಮಾರು ನೂರು ವರ್ಷ ಮೊದಲೇ ವಿಜಯಪುರದಲ್ಲಿ ಕಬ್ಬಿಣದ ಬಳೆಗಳ ನೆರವಿಲ್ಲದೆ ಇದೇ ತೊಡಕನ್ನು ಬಿಡಿಸಿದ್ದರು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಗೋಲ ಗುಮ್ಮಟ. ಹೊರವ್ಯಾಸ ಸುಮಾರು 44 ಮೀಟರ್, ನಡುವೆ ಒಂದೂ ಕಂಬವಿಲ್ಲ. ಚೌಕ ಕೋಣೆಯ ನಾಲ್ಕು ಗೋಡೆಗಳಿಂದ ಎಂಟು ಕಮಾನುಗಳು ಎದ್ದು ಒಂದನ್ನೊಂದು ಹಾಯುತ್ತವೆ. ಹಾಯ್ದಲ್ಲೆಲ್ಲ ಕಟ್ಟಡದ ಒಡಲು ಒಳಕ್ಕೆ ಬಾಗಿ ಬಂದು ದುಂಡನೆಯ ಜಗಲಿಯಾಗುತ್ತದೆ. ಗುಮ್ಮಟ ಕುಳಿತಿರುವುದು ಆ ಜಗಲಿಯ ಮೇಲೆ. ಹತ್ತೊಂಬತ್ತನೆಯ ಶತಮಾನದ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಇದರ ಗುಟ್ಟನ್ನು ಹೀಗೆ ವಿವರಿಸಿದ: ಗುಮ್ಮಟ ಹೊರಕ್ಕೆ ನೂಕುತ್ತದೆ, ಒಳಕ್ಕೆ ಚಾಚಿ ತೂಗುವ ಈ ಕಲ್ಲುಗಾರೆಯ ಅಪಾರ ಭಾರ ಒಳಕ್ಕೆ ಎಳೆಯುತ್ತದೆ, ಎರಡೂ ಒಂದನ್ನೊಂದು ಕಟ್ಟಿಹಾಕುತ್ತವೆ. ಆನಿಕೆ ಗೋಡೆ ಕಟ್ಟುವ ಬದಲು ನೂಕಿಗೆ ಎದುರಾಗಿ ಇನ್ನೊಂದು ನೂಕನ್ನೇ ನಿಲ್ಲಿಸಿದ ಉಪಾಯ ಇದು. ಅಲ್ಲಿಗೆ ಹೋದವರೆಲ್ಲ ಪಿಸುಗುಟ್ಟುವ ಜಗಲಿಯಲ್ಲಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸಿ ಬರುತ್ತಾರೆ. ತಾವು ನಿಂತಿರುವ ಜಗಲಿಯ ಭಾರವೇ ಆ ಗುಮ್ಮಟ ಬಾಯ್ಬಿಡದಂತೆ ಹಿಡಿದಿದೆ ಎಂದು ಅವರಿಗೆ ಹೇಳುವ ಫಲಕವೊಂದು ಇರಬೇಕು.

ಹಡಗಿನ ಮಾತನ್ನು ಚಿಕ್ಕದಾಗಿ ಮುಗಿಸಬಹುದು, ಬಿಡುವಂತಿಲ್ಲ. ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳಿ ತಾನು ಮುಂದೆ ಹೋಗಲು ನೋಡುತ್ತದೆ. ಆದರೆ ಮುಂದೆ ಹೋಗಬೇಕಾದದ್ದು ಹಡಗು. ತಿರುಗುವ ಶಾಫ್ಟಿನಿಂದ ನಿಂತ ಹಡಗಿನ ಒಡಲಿಗೆ ಈ ನೂಕನ್ನು ದಾಟಿಸುವ ಭಾಗಕ್ಕೆ ಥ್ರಸ್ಟ್ ಬೇರಿಂಗ್ ಎನ್ನುತ್ತಾರೆ. ಹಳೆಯ ಉಗಿಹಡಗುಗಳಲ್ಲಿ ಶಾಫ್ಟಿಗೆ ಸಾಲಾಗಿ ಬಳೆಗಳಿದ್ದವು. ಉಜ್ಜಿ ಉಜ್ಜಿ ಕಾದು ಸವೆಯುತ್ತಿದ್ದವು. ಆಸ್ಟ್ರೇಲಿಯಾದ ಎ.ಜಿ.ಎಂ. ಮಿಚೆಲ್ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಎಲ್ಲವನ್ನೂ ಬದಲಿಸಿತು. ಅಮೆರಿಕದ ಆಲ್ಬರ್ಟ್ ಕಿಂಗ್ಸ್‌ಬರಿ ತಾನಾಗಿಯೇ ಅದನ್ನು ಕಂಡುಕೊಂಡಿದ್ದ. ಸ್ವಲ್ಪ ವಾಲಬಲ್ಲ ಪುಟ್ಟ ಹಲಗೆಗಳನ್ನು ಇಟ್ಟರೆ ತಿರುಗುವಿಕೆಯೇ ಎಣ್ಣೆಯನ್ನು ಬೆಣೆಯಂತೆ ಒಳಗೆಳೆದುಕೊಳ್ಳುತ್ತದೆ. ಆಮೇಲೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ, ಟನ್ನುಗಟ್ಟಲೆ ನೂಕನ್ನು ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ ಹೊರುತ್ತದೆ. ನಮ್ಮ ಜಲವಿದ್ಯುತ್ ಕೇಂದ್ರಗಳಲ್ಲಿ ನೆಟ್ಟಗೆ ನಿಂತು ತಿರುಗುವ ಜನರೇಟರುಗಳ ಇಡೀ ಭಾರ ಕೂತಿರುವುದೂ ಇಂಥ ಬೇರಿಂಗುಗಳ ಮೇಲೆಯೇ.

ಇನ್ನು ರಾಕೆಟ್ಟು. ಗಾಳಿಯನ್ನು ತಳ್ಳಿಕೊಂಡು ರಾಕೆಟ್ ಮೇಲೇರುತ್ತದೆ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲೂ ಇತ್ತು. 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ರಾಬರ್ಟ್ ಗೊಡಾರ್ಡ್‌ರನ್ನು ಇದೇ ಕಾರಣಕ್ಕೆ ಲೇವಡಿ ಮಾಡಿತು. ಗಾಳಿಯಿಲ್ಲದಲ್ಲಿ ರಾಕೆಟ್ ಯಾವುದನ್ನು ತಳ್ಳೀತು ಎಂಬುದು ಸಂಪಾದಕರ ಪ್ರಶ್ನೆ. ಗೊಡಾರ್ಡ್ 1926ರಲ್ಲಿ ದ್ರವ ಇಂಧನದ ಮೊದಲ ರಾಕೆಟ್ ಹಾರಿಸಿದರು. ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈಯಲ್ಲಿ, ಅಪೊಲೊ 11 ಚಂದ್ರನ ದಾರಿಯಲ್ಲಿದ್ದಾಗ. ಆ ಹೊತ್ತಿಗೆ ಗೊಡಾರ್ಡ್ ತೀರಿಕೊಂಡು ಹೆಚ್ಚುಕಡಿಮೆ ಇಪ್ಪತ್ತನಾಲ್ಕು ವರ್ಷವಾಗಿತ್ತು.

ಮೈಸೂರಿನ ರಾಕೆಟ್ಟುಗಳ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುತ್ತೇವೆ, ಆದರೆ ಹೆಮ್ಮೆ ಪಡಬೇಕಾದ ಅಂಶ ಯಾವುದೆಂದು ಹೇಳುವುದಿಲ್ಲ. ರಾಕೆಟ್ ಹೊಸದಾಗಿರಲಿಲ್ಲ, ಮದ್ದೂ ಹೊಸದಲ್ಲ. ಹೈದರ್ ಮತ್ತು ಟಿಪ್ಪುವಿನ ಕುಶಲಕರ್ಮಿಗಳ ಕೊಡುಗೆ ಕಬ್ಬಿಣದ ಕೊಳವೆ. ಕಾಗದ, ಬಿದಿರಿನ ಕೊಳವೆಯಲ್ಲಿ ಮದ್ದನ್ನು ಬಿಗಿಯಾಗಿ ತುಂಬಿದರೆ ಅದು ಒಡೆಯುತ್ತದೆ. ಕಬ್ಬಿಣ ಹೆಚ್ಚಿನ ಒತ್ತಡ ತಾಳಿದ್ದರಿಂದ ಅದೇ ಮದ್ದು ಹೆಚ್ಚು ನೂಕು ಕೊಟ್ಟಿತು, ರಾಕೆಟ್ ಹೆಚ್ಚು ದೂರ ಹೋಯಿತು. 1780ರ ಪೊಳ್ಳಿಲೂರು ಕಾಳಗದಲ್ಲಿ ಬ್ರಿಟಿಷ್ ಸೇನಾಧಿಕಾರಿ ಬೇಯ್ಲಿಯ ಪಡೆ ಸೋತ ದೃಶ್ಯವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಇಂದಿಗೂ ನೋಡಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳ ಆಧಾರದ ಮೇಲೆ ಮಾಡಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟವು. ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಿಂದ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದವು. ತುಕ್ಕು ಹಿಡಿದರೂ ಆಕಾರ ಉಳಿಸಿಕೊಂಡಿದ್ದವು.

ಇಂದಿನ ಅಂಕಿಗಳು ತಲೆ ತಿರುಗಿಸುವಂಥವು. ಚಂದ್ರಯಾನ-3ನ್ನು 2023ರ ಜುಲೈ 14ರಂದು ಹೊತ್ತೊಯ್ದ ಎಲ್‌ವಿಎಂ3 ನೆಲ ಬಿಡುವಾಗ ಸುಮಾರು 640 ಟನ್ ತೂಗುತ್ತಿತ್ತು. ಅದನ್ನು ನೆಲದಿಂದ ಎತ್ತುವುದು ಅಕ್ಕಪಕ್ಕದ ಎರಡು ಘನ ಇಂಧನದ ಕೊಳವೆಗಳು, ಒಂದೊಂದರಲ್ಲೂ 200 ಟನ್ನಿನಷ್ಟು ಇಂಧನ. ನಡುವಿನ ಎರಡು ವಿಕಾಸ್ ಎಂಜಿನುಗಳು ಹೊತ್ತಿಕೊಳ್ಳುವುದು ಹಾರಾಟ ಶುರುವಾಗಿ ಸುಮಾರು 110 ಸೆಕೆಂಡಾದ ಮೇಲೆ. ಕೊನೆಯ ಹಂತದ ಕ್ರಯೋಜೆನಿಕ್ ಎಂಜಿನಿನ ನೂಕುಬಲ ಇಪ್ಪತ್ತು ಟನ್ನಿನ ಆಸುಪಾಸು ಮಾತ್ರ; ಅಷ್ಟು ಹೊತ್ತಿಗೆ ಹೊರಬೇಕಾದ ತೂಕ ಕರಗಿಹೋಗಿರುತ್ತದೆ.

ನೂಕು ಹಿಂದಕ್ಕೂ ಹೊಡೆಯುತ್ತದೆ. 2023ರ ಏಪ್ರಿಲ್ 20ರಂದು ಟೆಕ್ಸಸ್‌ನಲ್ಲಿ ಸ್ಪೇಸ್‌ಎಕ್ಸ್ ತನ್ನ ಸ್ಟಾರ್‌ಶಿಪ್ಪನ್ನು ಪೂರ್ಣರೂಪದಲ್ಲಿ ಮೊದಲ ಸಲ ಹಾರಿಸಿದಾಗ ಅದರ ಎಂಜಿನುಗಳ ಜ್ವಾಲೆ ಉಡಾವಣಾ ಕಟ್ಟೆಯ ಕಾಂಕ್ರೀಟನ್ನು ಕಿತ್ತು ಚೂರುಗಳನ್ನು ದೂರದೂರಕ್ಕೆ ಎಸೆಯಿತು. ಮುಂದಿನ ಹಾರಾಟಕ್ಕೆ ಮುಂಚೆ ಅಡಿಯಲ್ಲಿ ನೀರು ಚಿಮ್ಮುವ ಉಕ್ಕಿನ ಹಾಸು ಹಾಕಬೇಕಾಯಿತು. ಇದಕ್ಕೆ ತದ್ವಿರುದ್ಧ ತುದಿಯಲ್ಲಿದೆ ನಾಸಾದ ಡಾನ್ ನೌಕೆ. ಅದರ ಅಯಾನ್ ಎಂಜಿನಿನ ಗರಿಷ್ಠ ನೂಕು 90 ಮಿಲಿನ್ಯೂಟನ್. ಅಂಗೈ ಮೇಲೆ ಇಟ್ಟ ಒಂದೆರಡು ಹಾಳೆ ಕಾಗದದ ಭಾರ. ನಿಂತಲ್ಲಿಂದ ಕಾರಿನ ಹೆದ್ದಾರಿ ವೇಗಕ್ಕೆ ಬರಲು ಅದಕ್ಕೆ ನಾಲ್ಕು ದಿನ ಬೇಕು. ಆದರೆ ವರ್ಷಗಟ್ಟಲೆ ಬಿಡದೆ ನೂಕಿ ಅದು 2011ರಲ್ಲಿ ಕ್ಷುದ್ರಗ್ರಹ ವೆಸ್ಟಾವನ್ನೂ 2015ರಲ್ಲಿ ಕುಬ್ಜಗ್ರಹ ಸೀರಿಸ್ಸನ್ನೂ ಸುತ್ತಿತು. ನೂಕು ದೊಡ್ಡದಿರಬೇಕೆಂಬುದು ನೆಲದಿಂದ ಏಳುವವರ ಗರಜು. ಎದ್ದವರಿಗೆ ಪುರುಸೊತ್ತು ಇದ್ದರೆ ಸಣ್ಣದೂ ಸಾಕು.

ಬೆಂಗಳೂರಿಗೆ ಈ ಮಾತು ಗಾಯದಂತೆ ಅಂಟಿಕೊಂಡಿರುವುದು ಜೆಟ್ ಎಂಜಿನಿನ ವಿಷಯದಲ್ಲಿ. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಮೊದಲ ಸಲ ಹಾರಿತು. ಶಬ್ದದ ಎರಡು ಪಟ್ಟು ವೇಗದ ಕನಸಿನ ಮೈಕಟ್ಟು ಅದರದ್ದು. ಅದಕ್ಕೆಂದು ಯೋಚಿಸಿದ್ದ ಬಲವಾದ ಆರ್ಫಿಯಸ್ ಎಂಜಿನಿನ ಅಭಿವೃದ್ಧಿಗೆ ಬ್ರಿಟಿಷ್ ಕಂಪನಿ ಹಣ ಕೇಳಿತು, ನಾವು ಕೊಡಲಿಲ್ಲ. ಈಜಿಪ್ಟಿನ ಎಂಜಿನೊಂದನ್ನು ಕೂರಿಸುವ ಪ್ರಯತ್ನವೂ ದಡ ಸೇರಲಿಲ್ಲ. ಮಾರುತ್ ಕೊನೆಯವರೆಗೂ ಹಳೆಯ ಆರ್ಫಿಯಸ್ 703 ಜೋಡಿಯಿಂದಲೇ ಹಾರಿತು, ಆ ಕನಸಿನ ವೇಗದ ಹತ್ತಿರಕ್ಕೂ ಬರಲಿಲ್ಲ. 1971ರ ಯುದ್ಧದಲ್ಲಿ ಒಳ್ಳೆಯ ಕೆಲಸ ಮಾಡಿತೆಂಬುದು ಬೇರೆ ಮಾತು. ಎಂಜಿನಿಗೆ ಹೆಚ್ಚುವರಿ ದಹನ ಸೇರಿಸಿ ನೂಕು ಏರಿಸಿದ ಮಾದರಿಯನ್ನು ಹಾರಿಸುವಾಗ 1970ರ ಜನವರಿಯಲ್ಲಿ ಪರೀಕ್ಷಾ ಪೈಲಟ್ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಮಾರುತ್‌ನ ಮೊದಲ ಹಾರಾಟ ಮಾಡಿದವರೂ ಅವರೇ. ಎಚ್‌ಎಎಲ್ ಪಕ್ಕದ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಂಚರಿಸುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ!

ಕತೆ ಮರುಕಳಿಸಿತು. ತೇಜಸ್ ವಿಮಾನಕ್ಕೆಂದು ಬೆಂಗಳೂರಿನ ಜಿಟಿಆರ್‌ಇ ಸಂಶೋಧನಾಲಯಕ್ಕೆ 1989ರಲ್ಲಿ ಕಾವೇರಿ ಎಂಜಿನಿನ ಯೋಜನೆ ಮಂಜೂರಾಯಿತು. ಗುರಿ 81 ಕಿಲೋನ್ಯೂಟನ್. ಎಂಜಿನ್ ಓಡಿತು, ಆದರೆ ಆ ಗುರಿ ಮುಟ್ಟಲಿಲ್ಲ. 2001ರ ಜನವರಿ 4ರಂದು ತೇಜಸ್ ಮೊದಲು ಹಾರಿದ್ದು ಅಮೆರಿಕದ ಜಿಇ ಎಂಜಿನಿನಿಂದ. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಅಧಿಕೃತವಾಗಿ ಬೇರ್ಪಡಿಸಲಾಯಿತು. ಇದನ್ನು ನಮ್ಮ ವಿಜ್ಞಾನಿಗಳ ಸೋಲೆಂದು ಬರೆಯುವವರು ಒಂದು ವಿವರ ನೋಡುವುದಿಲ್ಲ. ಇಂಥ ಎಂಜಿನಿನಲ್ಲಿ ಟರ್ಬೈನಿನ ರೆಕ್ಕೆಗೆ ಬಡಿಯುವ ಅನಿಲದ ಕಾವು ಆ ರೆಕ್ಕೆಯ ಲೋಹ ಕರಗುವ ಕಾವಿಗಿಂತ ಹೆಚ್ಚು. ಒಂದೇ ಹರಳಾಗಿ ಎರಕ ಹೊಯ್ದು, ಒಳಗೆ ಸೂಕ್ಷ್ಮ ದಾರಿಗಳನ್ನು ಬಿಟ್ಟು, ತಂಪು ಗಾಳಿಯ ಪೊರೆ ಹೊದಿಸಿ ಅದನ್ನು ಉಳಿಸಿಕೊಳ್ಳಬೇಕು. ಈ ವಿದ್ಯೆ ಗೊತ್ತಿರುವ ದೇಶಗಳು ಬೆರಳೆಣಿಕೆಯಷ್ಟು, ಯಾರೂ ಅದನ್ನು ಸುಲಭವಾಗಿ ಮಾರುವುದಿಲ್ಲ. ಹೆಚ್ಚು ನೂಕು ಬೇಕೆಂದರೆ ಹೆಚ್ಚು ಕಾವು ಹೊರುವ ಲೋಹ ಬೇಕು. ಕಾವೇರಿಯ ಕತೆ ಮುಖ್ಯವಾಗಿ ಲೋಹದ ಕತೆ. ರಾಕೆಟ್ಟಿನಲ್ಲಿ ಗೆದ್ದ ದೇಶ ಜೆಟ್ಟಿನಲ್ಲಿ ಏಕೆ ಎಡವಿತು ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ರಾಕೆಟ್ಟಿನ ಎಂಜಿನ್ ನಿಮಿಷಗಳಷ್ಟು ಬದುಕಿದರೆ ಸಾಕು, ಯುದ್ಧವಿಮಾನದ್ದು ಸಾವಿರಾರು ಗಂಟೆ ಬಾಳಬೇಕು.

ಭೂವಿಜ್ಞಾನದ ಥ್ರಸ್ಟ್, ಅಂದರೆ ಶಿಲಾಹಾಸಿನ ಸರಿತ, ಇವೆಲ್ಲವನ್ನೂ ಗಾತ್ರದಲ್ಲಿ ಮೀರಿಸುತ್ತದೆ. ಸ್ವಿಟ್ಜರ್ಲೆಂಡಿನ ಗ್ಲಾರುಸ್ ಬೆಟ್ಟಗಳಲ್ಲಿ ಹಳೆಯ ಶಿಲೆ ಮೇಲಿದೆ, ಅದಕ್ಕಿಂತ ಬಹಳ ಹೊಸದು ಕೆಳಗಿದೆ. ಪದರಗಳು ಕೆಳಗಿನಿಂದ ಮೇಲಕ್ಕೆ ಶೇಖರವಾಗುತ್ತವೆ ಎಂಬ ಮೂಲಪಾಠಕ್ಕೇ ಇದು ವಿರುದ್ಧ. ಭೂವಿಜ್ಞಾನಿ ಆರ್ನಾಲ್ಡ್ ಎಷರ್ ಇದನ್ನು ಎರಡು ಮಹಾಮಡಿಕೆಗಳೆಂದು ವಿವರಿಸಿದರು. ಮಾರ್ಸೆಲ್ ಬರ್ಟ್ರಾಂಡ್ 1884ರಲ್ಲಿ ಅಲ್ಲಿಗೆ ಹೋಗದೆಯೇ, ಇತರರ ವರದಿಗಳನ್ನು ಓದಿ, ಇಡೀ ಶಿಲಾಹಾಸು ದೂರದಿಂದ ಸರಿದು ಬಂದು ಮೇಲೇರಿ ಕುಳಿತಿದೆ ಎಂದರು, ಅವರೇ ಸರಿ. ಸ್ಕಾಟ್ಲೆಂಡಿನ ಉತ್ತರದಲ್ಲೂ ಇದೇ ಜಗಳ ದಶಕಗಳ ಕಾಲ ನಡೆಯಿತು. ಚಾರ್ಲ್ಸ್ ಲ್ಯಾಪ್‌ವರ್ತ್ ಅಲ್ಲಿನ ಶಿಲೆಗಳ ಸರಿತವನ್ನು ಬಿಡಿಸುತ್ತ ಬಿಡಿಸುತ್ತ ಕಾಯಿಲೆ ಬಿದ್ದರು. ಆ ಮಹಾಶಿಲೆ ರಾತ್ರಿ ತಮ್ಮ ಮೇಲೆ ಹಾಯುತ್ತಿದೆಯೆಂಬ ಭ್ರಮೆ ಅವರಿಗಾಗುತ್ತಿತ್ತಂತೆ.

ಒಪ್ಪಿದ ಮೇಲೂ ಒಂದು ಒಗಟು ಉಳಿಯಿತು. ಹತ್ತಾರು ಕಿಲೋಮೀಟರ್ ಉದ್ದದ ಕಲ್ಲುಹಾಸನ್ನು ಹಿಂದಿನಿಂದ ನೂಕಿದರೆ, ಅದರ ಮುಂತುದಿ ಅಲುಗುವ ಮೊದಲೇ ಹಿಂತುದಿಯ ಕಲ್ಲು ಪುಡಿಯಾಗಬೇಕು. ನೂಕನ್ನು ಹೊರುವಷ್ಟು ಗಟ್ಟಿ ಕಲ್ಲು ಇಲ್ಲವೇ ಇಲ್ಲ. ಉತ್ತರ ಸಿಕ್ಕಿದ್ದು 1959ರಲ್ಲಿ, ಕಿಂಗ್ ಹಬರ್ಟ್ ಮತ್ತು ವಿಲಿಯಂ ರೂಬಿ ಅವರಿಂದ. ಶಿಲಾರಂಧ್ರಗಳಲ್ಲಿ ಸಿಕ್ಕಿಬಿದ್ದ ನೀರಿನ ಒತ್ತಡ ಹೆಚ್ಚಿದರೆ ಮೇಲಿನ ಹಾಸಿನ ಭಾರದ ಬಹುಪಾಲನ್ನು ಆ ನೀರೇ ಹೊರುತ್ತದೆ, ಉಜ್ಜಾಟ ಇಳಿಯುತ್ತದೆ, ಸಣ್ಣ ನೂಕಿಗೂ ಹಾಸು ಸರಿಯುತ್ತದೆ. ಇದನ್ನು ತೋರಿಸಲು ಅವರು ಬಳಸಿದ್ದು ತಣ್ಣಗೆ ಮಾಡಿದ ಖಾಲಿ ಬಿಯರ್ ಡಬ್ಬಿ. ಒದ್ದೆ ಗಾಜಿನ ಮೇಲೆ ಬೋರಲು ಹಾಕಿದ ಡಬ್ಬಿಯೊಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತಿದ್ದಂತೆ ಅದು ಇಳಿಜಾರಿಲ್ಲವೆನ್ನುವಷ್ಟು ಕಡಿಮೆ ಇಳಿಜಾರಿನಲ್ಲೂ ಜಾರಿಹೋಗುತ್ತಿತ್ತು.

ಹಿಮಾಲಯವೆಂದರೆ ಇಂಥ ಸರಿತಗಳ ಸಾಲು. ಆರ್ನಾಲ್ಡ್ ಹೈಮ್ ಮತ್ತು ಅಗಸ್ಟೊ ಗಾನ್ಸರ್ 1936ರ ತಮ್ಮ ಪಯಣದ ಮೇಲೆ ಬರೆದಾಗ ನಡುವಿನ ಸರಿತಕ್ಕೆ ‘ಮೇನ್ ಸೆಂಟ್ರಲ್ ಥ್ರಸ್ಟ್’ ಎಂಬ ಹೆಸರು ಬಂತು. ಅದರ ದಕ್ಷಿಣಕ್ಕೆ ‘ಬೌಂಡರಿ ಥ್ರಸ್ಟ್’, ಬಯಲಿನ ಅಂಚಿಗೆ ‘ಫ್ರಂಟಲ್ ಥ್ರಸ್ಟ್’. ಕುಮಾವೂಂ ಭಾಗದಲ್ಲಿ ಇವನ್ನು ಕಾಲ್ನಡಿಗೆಯಲ್ಲಿ ಅಳೆದು ನಕ್ಷೆಗೆ ತಂದ ಖಡ್ಗ ಸಿಂಗ್ ವಾಲ್ದಿಯಾ ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿದ್ದುಕೊಂಡು ಮೈಸೂರು ಪ್ರಸ್ಥಭೂಮಿಯ ನೆಲದ ಚಲನೆಯನ್ನೂ ಅಭ್ಯಾಸ ಮಾಡಿದರು. ಭಾರತದ ಫಲಕ ಹಿಮಾಲಯದ ಅಡಿಗೆ ವರ್ಷಕ್ಕೆ ಸುಮಾರು 20 ಮಿಲಿಮೀಟರಿನಷ್ಟು ನುಗ್ಗುತ್ತಿದೆ. ಉಗುರು ಬೆಳೆಯುವುದಕ್ಕಿಂತಲೂ ನಿಧಾನ. ಆದರೆ ಸರಿತದ ಮೇಲ್ಭಾಗ ಕಚ್ಚಿಕೊಂಡು ಕೂತಿರುತ್ತದೆ, ನೂಕು ಕೂಡಿಬೀಳುತ್ತದೆ, ಹೊರಲಾರದೆ ಹೋದ ದಿನ ಒಮ್ಮೆಗೇ ಬಿಡುತ್ತದೆ. 1905ರಲ್ಲಿ ಕಾಂಗ್ಡಾ, 1934ರಲ್ಲಿ ಬಿಹಾರ–ನೇಪಾಳ, 1950ರ ಆಗಸ್ಟ್ 15ರಂದು ಅಸ್ಸಾಂ. 2015ರ ಏಪ್ರಿಲ್ 25ರ ಗೋರ್ಖಾ ಭೂಕಂಪದಲ್ಲಿ ಕಠ್ಮಂಡು ಕಣಿವೆ ಸುಮಾರು ಒಂದು ಮೀಟರ್ ಮೇಲೆದ್ದಿತು, ಒಂಬತ್ತು ಸಾವಿರದಷ್ಟು ಜನ ಸತ್ತರು. ಹಾಗಿದ್ದೂ ಆ ಸೀಳು ನೆಲದ ಮೇಲ್ಮೈಗೆ ಬರಲಿಲ್ಲ. ಕಣಿವೆಯ ದಕ್ಷಿಣಕ್ಕಿರುವ ಭಾಗ ಕಚ್ಚಿಕೊಂಡೇ ಇದೆ. ಸಮುದ್ರದಡಿಯಲ್ಲಿ ಇದೇ ಆದರೆ ಸುನಾಮಿ. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಹರಿದದ್ದು ಇಂಥ ಮಹಾಸರಿತವೇ. ಇಲ್ಲಿ ನೂಕನ್ನು ತಡೆಯುವ ಉಪಾಯ ಮನುಷ್ಯನ ಬಳಿ ಇಲ್ಲ. ತನ್ನ ಮನೆಯನ್ನು ಅದಕ್ಕೆ ತಕ್ಕಂತೆ ಕಟ್ಟಿಕೊಳ್ಳುವುದಷ್ಟೇ ಅವನ ಕೈಲಿರುವುದು; ಹಿಮಾಲಯದ ತಪ್ಪಲಿನ ಪಟ್ಟಣಗಳಲ್ಲಿ ಏಳುತ್ತಿರುವ ಬಹುಮಹಡಿಗಳನ್ನು ನೋಡಿದರೆ ಆ ಎಚ್ಚರ ಕಾಣುವುದಿಲ್ಲ.

ಸರ್ಕಾರದ ‘ಥ್ರಸ್ಟ್ ಏರಿಯಾ’ ಬಗ್ಗೆ ಎರಡೇ ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದಿಂದ ಹಿಡಿದು ಜಿಲ್ಲಾ ಯೋಜನೆಯವರೆಗೆ ಎಲ್ಲರಿಗೂ ಈ ಪ್ರಯೋಗ ಪ್ರಿಯ. ಒಂದು ಕ್ಷೇತ್ರಕ್ಕೆ ಒತ್ತು ಕೊಟ್ಟೆವು ಎನ್ನುವ ವರದಿಯಲ್ಲಿ, ಅದಕ್ಕಾಗಿ ಯಾವ ಕ್ಷೇತ್ರ ಹಿಂದೆ ಸರಿಯಿತು ಎಂಬ ಕಲಂ ಇರುವುದಿಲ್ಲ. ಎದುರುನೂಕಿನ ಲೆಕ್ಕವಿಲ್ಲದ ನೂಕು ಭೌತವಿಜ್ಞಾನದಲ್ಲಿ ಸಾಧ್ಯವಿಲ್ಲ, ಕಡತದಲ್ಲಿ ಸಾಧ್ಯ.

ಕೊನೆಯದು ವೈದ್ಯರ ಅರ್ಥ. ಅಪಘಾತದಲ್ಲಿ ಪ್ರಜ್ಞೆ ತಪ್ಪಿದವರ ಕತ್ತಿಗೆ ಪೆಟ್ಟಾಗಿರಬಹುದೆಂಬ ಅನುಮಾನವಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸದೆ ಕೆಳದವಡೆಯನ್ನಷ್ಟೇ ಮುಂದಕ್ಕೆ ತಳ್ಳಿ ಉಸಿರಿನ ದಾರಿ ತೆರೆಯುತ್ತಾರೆ. ಅದು ‘ಜಾ ಥ್ರಸ್ಟ್’, ತರಬೇತಿ ಪಡೆದವರ ಕೆಲಸ. ಸಾಮಾನ್ಯರಿಗೂ ಗೊತ್ತಿರಬೇಕಾದದ್ದು 1974ರಲ್ಲಿ ಅಮೆರಿಕದ ಹೆನ್ರಿ ಹೈಮ್ಲಿಕ್ ವಿವರಿಸಿದ ಹೊಟ್ಟೆ ಒತ್ತುವ ವಿಧಾನ. ಶ್ವಾಸಕೋಶದಲ್ಲಿ ಉಳಿದಿರುವ ಗಾಳಿಯನ್ನೇ ನೂಕುಗಾಳಿಯಾಗಿಸಿ ಗಂಟಲಿಗೆ ಅಡ್ಡವಾದ ತುಣುಕನ್ನು ಹಾರಿಸುವುದು ಅದರ ತತ್ವ. ಉಸಿರಾಡಲಾಗದೆ, ಮಾತಾಡಲಾಗದೆ, ಕೆಮ್ಮಲೂ ಆಗದೆ ಒದ್ದಾಡುವವರ ಹಿಂದೆ ನಿಂತು ಹೊಕ್ಕುಳಿಗಿಂತ ತುಸು ಮೇಲೆ, ಎದೆಗೂಡಿಗಿಂತ ಕೆಳಗೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಜೋರಾಗಿ ಒತ್ತಬೇಕು. ರೆಡ್ ಕ್ರಾಸ್ ಮುಂತಾದ ಹಲವು ಸಂಸ್ಥೆಗಳು ಮೊದಲು ಬೆನ್ನಿಗೆ ಐದು ಪೆಟ್ಟು, ಆಮೇಲೆ ಹೊಟ್ಟೆಗೆ ಐದು ಒತ್ತು ಎಂದು ಕಲಿಸುತ್ತವೆ. ಕೆಮ್ಮುತ್ತಿರುವವರಿಗೆ ಇದನ್ನು ಮಾಡಬಾರದು. ಕೆಮ್ಮೇ ಅದಕ್ಕಿಂತ ಒಳ್ಳೆಯ ನೂಕು.

ಇಲ್ಲಿಯೂ ಹೊರುವ ಒಡಲು ಯಾವುದೆಂದು ಮೊದಲು ನೋಡಬೇಕು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಲೇಬಾರದು, ಯಕೃತ್ತಿಗೆ ಪೆಟ್ಟಾಗುತ್ತದೆ. ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟಿ, ಆಮೇಲೆ ಅಂಗಾತ ತಿರುಗಿಸಿ ಎದೆಯನ್ನು ಒತ್ತಬೇಕು. ತುಂಬು ಗರ್ಭಿಣಿಯರಿಗೆ, ಬಹಳ ದಪ್ಪಗಿರುವವರಿಗೆ ಹೊಟ್ಟೆಯ ಬದಲು ಎದೆ. ತುಣುಕು ಹೊರಬಿದ್ದು ಉಸಿರು ಸರಾಗವಾದ ಮೇಲೂ, ಹೊಟ್ಟೆ ಒತ್ತಿಸಿಕೊಂಡವರನ್ನು ಅದೇ ದಿನ ವೈದ್ಯರಿಗೆ ತೋರಿಸಿ. ಒಳಗಿನ ಗಾಯ ಹೊರಗೆ ಕಾಣುವುದಿಲ್ಲ.